ಗೋವಿನಜೋಳ ಜೋಳವಲ್ಲ: ಎರಡು ಪಟ್ಟಿಗಳ ಪದ ಜೋಡಿಸುವ ಪಾಠ

ಹುಕ್ಕೇರಿ ಕಡೆಯ ಹೊಲದ ಬದುವಿನ ಮೇಲೆ ನಿಂತು ‘ಇದು ಯಾವ ಪೀಕು?’ ಅಂತ ಕೇಳಿದರೆ ‘ಗೊಂಜಾಳ’ ಅನ್ನುತ್ತಾರೆ. ನಮ್ಮ ಭಾಗದ ಕಾಗದಪತ್ರದಲ್ಲಿ ಅದೇ ‘ಗೋವಿನಜೋಳ’. ಬೆಂಗಳೂರಿನ ಪತ್ರಿಕೆಯಲ್ಲಿ ‘ಮೆಕ್ಕೆಜೋಳ’. ಮೈಸೂರು, ಮಂಡ್ಯದ ಗೆಳೆಯರು ಹಾಸ್ಟೆಲ್‌ನಲ್ಲಿ ‘ಮುಸುಕಿನ ಜೋಳ’ ಅನ್ನುತ್ತಾರೆ. ಇಂಗ್ಲಿಷ್ ಪಟ್ಟಿಯಲ್ಲಿ ಒಂದು ಕಡೆ ‘ಮೇಜ್’, ಇನ್ನೊಂದು ಕಡೆ ‘ಕಾರ್ನ್’. ಹೊಲದಲ್ಲಿ ನಿಂತಿರೋ ಗಿಡ ಮಾತ್ರ ಒಂದೇ. ಇದು ನಮಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಬರೀ ಗೊತ್ತಿಲ್ಲದಿದ್ದರೆ ಚಿಂತೆ ಇರಲಿಲ್ಲ, ತಪ್ಪನ್ನೇ ಗಟ್ಟಿಯಾಗಿ ಹೇಳುತ್ತದೆ ಅನ್ನೋದೇ ತಾಪತ್ರಯ.

ಹೇಗೆ ಅಂತ ನೋಡೋಣ. ಪದ ಜೋಡಿಸುವ ಪ್ರೋಗ್ರಾಂಗಳಲ್ಲಿ ಒಂದು ಹಳೆಯ ಉಪಾಯ ಇದೆ: ಸಮಾಸಪದದ ಕೊನೆಯ ಭಾಗ ನೋಡು, ಅದೇ ಅದರ ಜಾತಿ. ‘ಬಿಳಿಜೋಳ’ ಜೋಳದ ಒಂದು ಬಗೆ, ಸರಿ. ‘ಹಿಂಗಾರಿ ಜೋಳ’ ಜೋಳದ ಒಂದು ಬಗೆ, ಸರಿ. ‘ಗೋವಿನಜೋಳ’ ಕೂಡ ಜೋಳದ ಒಂದು ಬಗೆ. ಇಲ್ಲಿ ಬಿತ್ತು ನೋಡಿ! ನಾವು ರೊಟ್ಟಿ ಬಡಿಯುವ ಜೋಳ ಸಸ್ಯಶಾಸ್ತ್ರದಲ್ಲಿ ಸೋರ್ಗಮ್ ಬೈಕಲರ್, ಗೋವಿನಜೋಳ ಝಿಯಾ ಮೇಸ್. ಎರಡೂ ಹುಲ್ಲಿನ ಕುಟುಂಬದವು, ಆದರೆ ಕುಲ ಬೇರೆ. ಎಳ್ಳು ಮತ್ತು ಗುರೆಳ್ಳು ಇದೇ ಗುಂಡಿಗೆ ಬೀಳುವ ಇನ್ನೊಂದು ಜೋಡಿ. ಮೈಸೂರು ಕಡೆ ಹುಚ್ಚೆಳ್ಳು ಅನ್ನುವ ಈ ಗುರೆಳ್ಳು ಸೂರ್ಯಕಾಂತಿಯ ಕುಟುಂಬದ್ದು, ಎಳ್ಳಿಗೂ ಅದಕ್ಕೂ ನಂಟಿಲ್ಲ. ಇನ್ನು ಕಡಲೆ, ಕಡಲೆಕಾಯಿ, ಶೇಂಗಾ ಮೂರನ್ನೂ ಒಟ್ಟಿಗೆ ಇಟ್ಟರಂತೂ ಮುಗೀತು. ಅಕ್ಷರ ನೋಡುವ ಪ್ರೋಗ್ರಾಂ ಕಡಲೆಯನ್ನು ಕಡಲೆಕಾಯಿಗೆ ಜೋಡಿಸುತ್ತದೆ, ಒಂದಕ್ಷರವೂ ಹೊಂದದ ಶೇಂಗಾವನ್ನು ಹೊರಗೆ ನಿಲ್ಲಿಸುತ್ತದೆ. ಆಗಬೇಕಾದದ್ದು ಇದರ ಪೂರ್ತಿ ಉಲ್ಟಾ. ಉಳ್ಳಾಗಡ್ಡಿ ವಿಷಯ ಬೇಡವೇ ಬೇಡ, ಅದು ಯಂತ್ರದ ಕಣ್ಣಿಗೆ ಈರುಳ್ಳಿಗಿಂತ ಆಲೂಗಡ್ಡೆಯ ತಮ್ಮನ ಹಾಗೆ ಕಂಡರೂ ಕಂಡೀತು.

ಇದು ಪದಬಂಧದ ಆಟವಲ್ಲ. ಬೆಳೆ ವಿಮೆಯಲ್ಲಿ ರೈತರು ನೋಂದಾಯಿಸಿದ ಬೆಳೆ ಮತ್ತು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಪರಿಹಾರದ ಹಣ ನಿಲ್ಲಬಹುದು. ಹೆಸರಿನ ಬದಲು ಕೋಡ್ ಬಳಸಿದರೆ ಆಯ್ತಲ್ಲ ಅಂತ ಸಿಎಸ್ ವಿಭಾಗದ ಗೆಳೆಯರು ಕೇಳಬಹುದು. ಆದರೆ ಎರಡು ವ್ಯವಸ್ಥೆಗಳು ಎರಡು ಬಗೆಯ ಕೋಡ್ ಇಟ್ಟುಕೊಂಡಿದ್ದರೆ, ಇಲ್ಲಿಯ ಈ ಕೋಡಿಗೆ ಅಲ್ಲಿಯ ಆ ಕೋಡ್ ಸಮ ಅಂತ ಯಾರೋ ಒಬ್ಬರು ಒಂದು ಸಾಲು ಬರೆದಿರಲೇಬೇಕು. ಆ ಸಾಲು ಬರೆಯುವ ವಿದ್ಯೆಯೇ ಈ ಸಂಚಿಕೆಯ ಪಾಠ.

ಆಂಟಾಲಜಿ ಅಂದರೆ

ತತ್ತ್ವಶಾಸ್ತ್ರದವರು ಈ ಪದವನ್ನು ಶತಮಾನಗಳಿಂದ ಬಳಸುತ್ತಿದ್ದಾರೆ. ಕಂಪ್ಯೂಟರ್ ವಿಜ್ಞಾನದಲ್ಲಿ ಅದಕ್ಕೆ ಹೆಸರಾಂತ ವ್ಯಾಖ್ಯೆ ಕೊಟ್ಟವರು ಟಾಮ್ ಗ್ರೂಬರ್, 1993ರಲ್ಲಿ. ಅವರ ಮಾತಿನ ಸಾರ ಇಷ್ಟು: ಒಂದು ಕ್ಷೇತ್ರವನ್ನು ನಾವು ಹೇಗೆ ಕಲ್ಪಿಸಿಕೊಂಡಿದ್ದೇವೆ ಅನ್ನೋದನ್ನು ಬಿಡಿಸಿ, ಸ್ಪಷ್ಟವಾಗಿ ಬರೆದಿಟ್ಟರೆ ಅದು ಆಂಟಾಲಜಿ. ಯಾವ ವರ್ಗಗಳಿವೆ, ಯಾವುದು ಯಾವುದರ ಒಳಗೆ ಬರುತ್ತದೆ, ಯಾವುದಕ್ಕೆ ಯಾವ ಗುಣ, ಇಷ್ಟು. ಬೆಳೆಗಳ ಪಟ್ಟಿಯಲ್ಲಿ ‘ಎಣ್ಣೆಕಾಳು’ ಒಂದು ವರ್ಗ, ‘ಶೇಂಗಾ’ ಅದರ ಒಳಗಿನದು, ‘ಹಂಗಾಮು’ ಅದರ ಒಂದು ಗುಣ. ಒಂದು ಎಕ್ಸೆಲ್ ಶೀಟಿನ ಹೆಡ್ಡಿಂಗ್‌ಗಳಲ್ಲೂ ಅರ್ಧಂಬರ್ಧ ಆಂಟಾಲಜಿ ಅಡಗಿಕೊಂಡಿರುತ್ತದೆ.

ಇಬ್ಬರು ಬೇರೆ ಬೇರೆಯಾಗಿ ಕೂತು ಒಂದೇ ಕ್ಷೇತ್ರಕ್ಕೆ ಆಂಟಾಲಜಿ ಬರೆದರೆ ಎರಡೂ ಒಂದೇ ಥರ ಬರೋದಿಲ್ಲ. ಅವನ್ನು ಜೋಡಿಸುವುದೇ ಆಂಟಾಲಜಿ ಮ್ಯಾಚಿಂಗ್. ಜೆರೋಮ್ ಯೂಜೆನಾ ಮತ್ತು ಪಾವೆಲ್ ಶ್ವೈಕೊ ಇದೇ ಹೆಸರಿನಲ್ಲಿ 2007ರಲ್ಲಿ ತಂದ ಪುಸ್ತಕವನ್ನು ಈ ವಿಷಯದ ಪಠ್ಯ ಅಂತಲೇ ಹೇಳಬಹುದು. ಒಂದು ಜೋಡಣೆಯಲ್ಲಿ ನಾಲ್ಕು ಅಂಶ ಇರಬೇಕು: ಈ ಕಡೆಯ ಪದ, ಆ ಕಡೆಯ ಪದ, ಅವುಗಳ ನಡುವಿನ ಸಂಬಂಧ, ಆ ಸಂಬಂಧದ ಮೇಲೆ ನಮಗಿರುವ ಭರವಸೆ. ಹೆಚ್ಚಿನ ಪ್ರಾಜೆಕ್ಟ್‌ಗಳಲ್ಲಿ ವಿದ್ಯಾರ್ಥಿಗಳು ಮೂರನೆಯದನ್ನು ಮರೆತುಬಿಡುತ್ತಾರೆ. ಸಿಕ್ಕಿದ್ದಕ್ಕೆಲ್ಲ ‘ಸಮ’ ಚಿಹ್ನೆ ಹಾಕಿ ಮುಂದೆ ಹೋಗುತ್ತಾರೆ.

ಸಂಬಂಧ ಬರೆಯಲು ತಯಾರಿರುವ ಪದಗಳೇ ಇವೆ. ಡಬ್ಲ್ಯೂ3ಸಿ 2009ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಸ್ಕಾಸ್ ಎಂಬ ಮಾನಕದಲ್ಲಿ ಎಕ್ಸಾಕ್ಟ್‌ಮ್ಯಾಚ್ ಅಂದರೆ ಎರಡೂ ಒಂದೇ, ಕ್ಲೋಸ್‌ಮ್ಯಾಚ್ ಅಂದರೆ ಹೆಚ್ಚುಕಡಿಮೆ ಒಂದೇ, ಬ್ರಾಡ್‌ಮ್ಯಾಚ್ ಅಂದರೆ ಆ ಕಡೆಯದು ಹೆಚ್ಚು ವಿಶಾಲ, ನ್ಯಾರೋಮ್ಯಾಚ್ ಅಂದರೆ ಆ ಕಡೆಯದು ಹೆಚ್ಚು ಕಿರಿದು. ಕಬ್ಬಿನಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಒಂದು ಪಟ್ಟಿಯಲ್ಲಿ ಬರೀ ‘ಕಬ್ಬು’, ಇನ್ನೊಂದರಲ್ಲಿ ‘ನಾಟಿ ಕಬ್ಬು’ ಮತ್ತು ‘ಕೂಳೆ ಕಬ್ಬು’ ಅಂತ ಎರಡು ಸಾಲು. ಇಲ್ಲಿ ಯಾವುದಕ್ಕೂ ‘ಸಮ’ ಹಾಕುವಂತಿಲ್ಲ. ಹಾಕಿದರೆ ಒಂದು ಪಟ್ಟಿಯ ಇಡೀ ಕಬ್ಬಿನ ಕ್ಷೇತ್ರ ಇನ್ನೊಂದರ ಕೂಳೆಯ ತಲೆ ಮೇಲೆ ಕೂರುತ್ತದೆ. ಕೂಳೆಯ ಇಳುವರಿ ನಾಟಿಯಷ್ಟು ಬರೋದಿಲ್ಲ ಅಂತ ಗೊತ್ತಿರುವ ಯಾವ ರೈತರ ಮಗನೂ ಆ ಲೆಕ್ಕ ಒಪ್ಪೋದಿಲ್ಲ.

ಮೂರನೆಯವರನ್ನು ಕೇಳುವುದು

ಅಕ್ಷರ ನೋಡಿ ಜೋಡಿಸುವುದು ಎಷ್ಟು ದೂರ ಹೋಗುತ್ತದೆ? ಎಡಿಟ್ ಡಿಸ್ಟನ್ಸ್ ಲೆಕ್ಕ ಎಲ್ಲರಿಗೂ ಗೊತ್ತು: ಒಂದು ಪದವನ್ನು ಇನ್ನೊಂದು ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಅನ್ನುವ ಎಣಿಕೆ. ಇಂಗ್ಲಿಷ್ ಪಟ್ಟಿಗಳಲ್ಲಿ ಹುಕ್ಕೇರಿಯನ್ನು ಒಂದೇ ಕೆ ಹಾಕಿ ಬರೆಯುವುದುಂಟು: ಎಚ್, ಯು, ಕೆ, ಇ, ಆರ್, ಐ. ಹಾವೇರಿ: ಎಚ್, ಎ, ವಿ, ಇ, ಆರ್, ಐ. ಎರಡು ಅಕ್ಷರ ಬದಲಿಸಿದರೆ ಹುಕ್ಕೇರಿ ಹಾವೇರಿ ಆಗುತ್ತದೆ, ಅಂತರ 2. ಈಗ ನಮ್ಮ ಜಿಲ್ಲೆಯ ಹೆಸರನ್ನೇ ನೋಡಿ. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿ ಆಯಿತು. ಹಳೆಯ ಇಂಗ್ಲಿಷ್ ಕಾಗುಣಿತದಿಂದ ಹೊಸದಕ್ಕೆ ಹೋಗಲು ಎಲ್ ಆದ ಮೇಲೆ ಒಂದು ಎ ಸೇರಿಸಿ, ಯು ತೆಗೆದು ವಿ ಹಾಕಿ, ಎಂ ತೆಗೆದು ಐ ಹಾಕಬೇಕು. ಅಂತರ 3. ಅಂದರೆ ಈ ಅಳತೆಗೋಲಿನ ಪ್ರಕಾರ ಬೆಳಗಾಂ–ಬೆಳಗಾವಿಗಿಂತ ಹುಕ್ಕೇರಿ–ಹಾವೇರಿಯೇ ಹತ್ತಿರ! ಮಿತಿಯನ್ನು 2ಕ್ಕೆ ಇಟ್ಟರೆ ಬೇರೆ ಜಿಲ್ಲೆಯ ಊರು ಒಳಗೆ, ನಮ್ಮ ಜಿಲ್ಲೆಯ ಹಳೆಯ ಹೆಸರು ಹೊರಗೆ.

ಆದ್ದರಿಂದ ಎರಡು ಪಟ್ಟಿಗಳನ್ನು ಎದುರುಬದುರು ಕೂರಿಸಿದರೆ ಸಾಲದು. ಸಂಬಂಧ ಕೂಡಿಸುವಾಗ ಎರಡೂ ಮನೆ ಬಲ್ಲ ಮೂರನೆಯವರನ್ನು ವಿಚಾರಿಸುತ್ತಾರಲ್ಲ, ಹಾಗೆ ಹೊರಗಿನ ಒಂದು ಜ್ಞಾನಕೋಶವನ್ನು ಕೇಳಬೇಕು. 2006ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಎರಡು ಆಸ್ಪತ್ರೆಗಳ ತೀವ್ರ ನಿಗಾ ಘಟಕದ ರೋಗಿಗಳನ್ನು ವಿವರಿಸುವ ಪದಪಟ್ಟಿಗಳ ಮೇಲೆ ಝಾರ್ಕೊ ಅಲೆಕ್ಸೊವ್‌ಸ್ಕಿ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ಆ ಪಟ್ಟಿಗಳಿಗೆ ಮೇಲು ಕೆಳಗು ಅನ್ನುವ ರಚನೆ ಇರಲಿಲ್ಲ, ಬರೀ ಸಾಲುಗಳು, ನಮ್ಮ ಬೆಳೆ ಪಟ್ಟಿಗಳ ಹಾಗೆ. ಅವರು ವೈದ್ಯಕೀಯದ ಒಂದು ದೊಡ್ಡ ಆಂಟಾಲಜಿಯನ್ನು ನಡುವೆ ಇಟ್ಟು ಎರಡು ಹೆಜ್ಜೆಯಲ್ಲಿ ಕೆಲಸ ಮುಗಿಸಿದರು. ಮೊದಲ ಹೆಜ್ಜೆ, ಪ್ರತಿ ಪದವನ್ನೂ ನಡುವಿನ ಕೋಶದ ಒಂದು ಪರಿಕಲ್ಪನೆಗೆ ಕಟ್ಟುವುದು. ಹಡಗಿಗೆ ಲಂಗರು ಹಾಕಿದಂತೆ ಅಂತ ಇದನ್ನು ಆಂಕರಿಂಗ್ ಅನ್ನುತ್ತಾರೆ. ಎರಡನೆಯದು, ಎರಡು ಲಂಗರುಗಳ ನಡುವೆ ಕೋಶದೊಳಗೆ ಏನು ಸಂಬಂಧವಿದೆ ಅಂತ ನೋಡಿ ಅದನ್ನೇ ಪಟ್ಟಿಗಳ ನಡುವೆ ಬರೆಯುವುದು.

ಗೊಂಜಾಳಕ್ಕೆ ಇದನ್ನು ಹಾಕಿ ನೋಡೋಣ. ನಡುವಿನ ಕೋಶ ವಿಕಿಡೇಟಾ ಇರಲಿ. 2012ರ ಅಕ್ಟೋಬರ್‌ನಲ್ಲಿ ಶುರುವಾದ ಇದು ಯಾರು ಬೇಕಾದರೂ ತಿದ್ದಬಹುದಾದ, ಯಂತ್ರ ಓದಬಲ್ಲ ಕೋಶ. ಪ್ರತಿ ವಸ್ತುವಿಗೂ ಕ್ಯೂ ಅಕ್ಷರದಿಂದ ಶುರುವಾಗುವ ಸಂಖ್ಯೆ, ಹಲವು ಭಾಷೆಯ ಲೇಬಲ್, ಲೇಬಲ್ ಜೊತೆಗೆ ಅಡ್ಡಹೆಸರುಗಳು. ಸಸ್ಯವಾದರೆ ಪಿ225 ಎಂಬ ಪ್ರಾಪರ್ಟಿಯಲ್ಲಿ ವೈಜ್ಞಾನಿಕ ಹೆಸರು. ‘ಮೆಕ್ಕೆಜೋಳ’ವನ್ನು ಅಲ್ಲಿಗೆ ಕಟ್ಟಿ, ‘ಮೇಜ್’ ಅನ್ನೂ ಕಟ್ಟಿ, ಎರಡರ ಹಗ್ಗವೂ ಝಿಯಾ ಮೇಸ್‌ಗೇ ಹೋಗುತ್ತದೆ ಅಂತಾದರೆ ಎಕ್ಸಾಕ್ಟ್‌ಮ್ಯಾಚ್. ‘ಜೋಳ’ದ ಹಗ್ಗ ಸೋರ್ಗಮ್‌ಗೆ ಹೋಗುತ್ತದೆ, ಆದ್ದರಿಂದ ಅಲ್ಲಿ ಜೋಡಣೆಯೇ ಇಲ್ಲ. ಅಕ್ಷರ ಎಷ್ಟೇ ಹೊಂದಿದರೂ ಇಲ್ಲ ಅಂತ ಹೇಳುವ ಧೈರ್ಯ ಬರೋದು ಇಲ್ಲಿಂದ. ಜೋಡಿಸುವುದಕ್ಕಿಂತ ಬಿಡಿಸುವುದಕ್ಕೇ ಹೊರಗಿನ ಕೋಶ ಹೆಚ್ಚು ಉಪಯೋಗಕ್ಕೆ ಬರುತ್ತದೆ ಅಂತ ನಮಗನ್ನಿಸುತ್ತದೆ.

ಕೃಷಿಗೇ ಮೀಸಲಾದ ಕೋಶವೂ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1980ರ ದಶಕದಿಂದ ಕಟ್ಟುತ್ತಾ ಬಂದಿರುವ ಆಗ್ರೊವೊಕ್‌ನಲ್ಲಿ 40,000ಕ್ಕೂ ಹೆಚ್ಚು ಪರಿಕಲ್ಪನೆಗಳಿವೆ. ಭಾರತೀಯ ಭಾಷೆಗಳಿಗೆ ಐಐಟಿ ಬಾಂಬೆಯ ಮುಂದಾಳತ್ವದ ಇಂಡೋವರ್ಡ್‌ನೆಟ್ ಇದೆ, ಕನ್ನಡವೂ ಅದರಲ್ಲಿ ಸೇರಿದೆ. ಸಮಾನಾರ್ಥಕ ಪದಗಳ ಒಂದೊಂದು ಗುಂಪನ್ನೂ ಹಿಂದಿಯ ಗುಂಪಿಗೆ ಕಟ್ಟಿರುವುದರಿಂದ ಮರಾಠಿ ಪದದಿಂದ ಹಿಂದಿಗೆ ಹತ್ತಿ ಕನ್ನಡಕ್ಕೆ ಇಳಿಯಬಹುದು. ಗಡಿ ಜಿಲ್ಲೆಯವರಾದ ನಮಗೆ ಈ ಏಣಿ ಬಹಳ ಬೇಕಾದದ್ದು.

ಹಾಗಂತ ಮೂರನೆಯವರು ಹೇಳಿದ್ದನ್ನೆಲ್ಲ ನಂಬುವ ಹಾಗೂ ಇಲ್ಲ. ವಿಕಿಡೇಟಾದಲ್ಲಿ ಸಸ್ಯಗಳ ಮೇಲು ಕೆಳಗು ಹೋಗುವುದು ಸಸ್ಯಶಾಸ್ತ್ರದ ದಾರಿಯಲ್ಲಿ. ಅಲ್ಲಿ ಕಡಲೆ, ಶೇಂಗಾ, ಸೋಯಾ ಮೂರೂ ಫ್ಯಾಬೇಸಿಯೇ ಕುಟುಂಬದ ಅಣ್ಣತಮ್ಮಂದಿರು. ಕೃಷಿ ಅಂಕಿಅಂಶದಲ್ಲಿ ಮಾತ್ರ ಕಡಲೆ ದ್ವಿದಳ ಧಾನ್ಯ, ಶೇಂಗಾ ಮತ್ತು ಸೋಯಾ ಎಣ್ಣೆಕಾಳು. ‘ದ್ವಿದಳ ಧಾನ್ಯ’ ಎಂಬ ವರ್ಗವನ್ನು ಫ್ಯಾಬೇಸಿಯೇಗೆ ಕಟ್ಟಿಬಿಟ್ಟರೆ ಹುಕ್ಕೇರಿ ಭಾಗದ ಸೋಯಾ ಹೊಲಗಳೆಲ್ಲ ಒಂದೇ ಏಟಿಗೆ ಬೇಳೆಕಾಳಿನ ಲೆಕ್ಕಕ್ಕೆ ಹೋಗುತ್ತವೆ. ಸಸ್ಯಶಾಸ್ತ್ರಜ್ಞರದ್ದೂ ಸರಿ, ಇಲಾಖೆಯದ್ದೂ ಸರಿ. ಒಬ್ಬರು ಹೂವಿನ ರಚನೆ ನೋಡಿ ಗುಂಪು ಮಾಡಿದರು, ಇನ್ನೊಬ್ಬರು ಗಾಣ ನೋಡಿ. ಬಿಡಿ ಬೆಳೆಗಳ ಮಟ್ಟದಲ್ಲಿ ಸೇತುವೆಯಾಗುವ ಕೋಶ ಮೇಲಿನ ವರ್ಗಗಳ ಮಟ್ಟದಲ್ಲಿ ಸೇತುವೆ ಆಗಬೇಕಾಗಿಲ್ಲ.

ಇನ್ನೊಂದು ತೊಂದರೆ ಏನೆಂದರೆ, ನಮ್ಮ ಆಡುಮಾತು ಕೋಶದಲ್ಲಿ ಇಲ್ಲದಿದ್ದರೆ ಲಂಗರು ಹಾಕೋದೆಲ್ಲಿ? ವಿಕಿಡೇಟಾದಲ್ಲಿ ಕನ್ನಡದ ಅಡ್ಡಹೆಸರಾಗಿ ಗೊಂಜಾಳ, ಕಡಲಿ, ಉಳ್ಳಾಗಡ್ಡಿ ಸೇರಿಸಲು ಒಂದು ಖಾತೆ ಮತ್ತು ಎರಡು ನಿಮಿಷ ಸಾಕು. ಆದರೆ ಕೈ ಜಾರದಿರಲಿ. ಯಾರೋ ಒಬ್ಬರು ಗೊಂಜಾಳವನ್ನು ಸೋರ್ಗಮ್ ಪುಟಕ್ಕೆ ಹಾಕಿಬಿಟ್ಟರೆ ಆ ಕೋಶವನ್ನು ನಂಬಿದ ಎಲ್ಲ ಪ್ರೋಗ್ರಾಂಗಳಿಗೂ ಅದೇ ತಪ್ಪು ಹೋಗುತ್ತದೆ. ಅದಕ್ಕೇ ಸೇರಿಸುವ ಮುಂಚೆ ವೈಜ್ಞಾನಿಕ ಹೆಸರು ನೋಡಿ, ಮನೆಯಲ್ಲಿ ಹಿರಿಯರನ್ನೂ ಒಂದು ಮಾತು ಕೇಳಿ.

ಗೋಕಾಕ ಅಂದರೆ ಯಾವ ಗೋಕಾಕ?

ಬೆಳೆಯಲ್ಲಿ ಒಂದೇ ವಸ್ತುವಿಗೆ ಹಲವು ಹೆಸರು. ಊರಿನಲ್ಲಿ ಒಂದೇ ಹೆಸರಿಗೆ ಹಲವು ವಸ್ತು, ಇದು ಇನ್ನೂ ಕಷ್ಟ. ಕೊಣ್ಣೂರ ಗೋಕಾಕ ತಾಲೂಕಿನಲ್ಲಿದೆ, ಗದಗ ಜಿಲ್ಲೆಯ ನರಗುಂದ ತಾಲೂಕಿನಲ್ಲೂ ಒಂದಿದೆ. ಗೋಕಾಕ ಅಂದರೆ ನಗರ, ತಾಲೂಕು, ವಿಧಾನಸಭಾ ಕ್ಷೇತ್ರ. ಜಲಪಾತವನ್ನು ಬಿಟ್ಟೇ ಈ ಮಾತು.

ಆದರೆ ನಿಜವಾದ ಬಲೆ ಕಾಲದ್ದು. 2011ರ ಜನಗಣತಿಯ ಹೊತ್ತಿಗೆ ಮೂಡಲಗಿ ಗೋಕಾಕ ತಾಲೂಕಿನ ಒಂದು ಪಟ್ಟಣ. 2018ರಲ್ಲಿ ಅದು ತಾನೇ ತಾಲೂಕಾಯಿತು. ಈಗ 2011ರ ಪಟ್ಟಿಯ ‘ಗೋಕಾಕ ತಾಲೂಕು’ ಮತ್ತು ಇವತ್ತಿನ ಪಟ್ಟಿಯ ‘ಗೋಕಾಕ ತಾಲೂಕು’ ಎರಡನ್ನೂ ಪ್ರೋಗ್ರಾಂಗೆ ಕೊಡಿ. ಅಕ್ಷರ ನೂರಕ್ಕೆ ನೂರು ಹೊಂದುತ್ತದೆ, ಎಡಿಟ್ ಡಿಸ್ಟನ್ಸ್ ಸೊನ್ನೆ, ಭರವಸೆ 1.0. ಆದರೂ ಅವು ಒಂದೇ ಅಲ್ಲ. ಇವತ್ತಿನದು ಅವತ್ತಿನದರ ಒಂದು ಭಾಗ. ಸಂಬಂಧ ಬ್ರಾಡ್‌ಮ್ಯಾಚ್ ಆಗಬೇಕೇ ಹೊರತು ಎಕ್ಸಾಕ್ಟ್‌ಮ್ಯಾಚ್ ಅಲ್ಲ. ಇದನ್ನು ಗಮನಿಸದೆ ಗ್ರಾಫ್ ಹಾಕಿದರೆ ಗೋಕಾಕದ ಕಬ್ಬಿನ ಕ್ಷೇತ್ರ ಒಂದೇ ವರ್ಷದಲ್ಲಿ ಧಡಕ್ಕನೆ ಕುಸಿದಂತೆ ಕಾಣುತ್ತದೆ. ಬರಗಾಲವೋ, ಕಾರ್ಖಾನೆಯ ಬಾಕಿಯೋ, ರೈತರು ಬೆಳೆ ಬದಲಿಸಿದರೋ ಅಂತ ಯಾರಾದರೂ ಒಂದು ಪ್ರಬಂಧವನ್ನೇ ಬರೆದುಬಿಡಬಹುದು. ಹೊಲ ಎಲ್ಲಿತ್ತೋ ಅಲ್ಲೇ ಇದೆ, ಕಬ್ಬೂ ಅಲ್ಲೇ ಇದೆ, ತಾಲೂಕಿನ ಗೆರೆ ಮಾತ್ರ ಸರಿದಿದೆ.

ಪರಿಹಾರ ಹೆಸರಿನಲ್ಲಿಲ್ಲ, ಕೆಳಗಿನ ಮಟ್ಟದಲ್ಲಿದೆ. 2011ರ ಜನಗಣತಿಯಲ್ಲಿ ಪ್ರತಿ ಹಳ್ಳಿಗೂ ಆರು ಅಂಕಿಯ ಕೋಡ್ ಇದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಎಲ್‌ಜಿಡಿ ಎಂಬ ಡೈರೆಕ್ಟರಿಯಲ್ಲಿ ಹಳ್ಳಿಯ ಈಗಿನ ತಾಲೂಕು, ಅದರದ್ದೇ ಕೋಡ್ ಮತ್ತು ಜನಗಣತಿಯ ಕೋಡ್ ಅಕ್ಕಪಕ್ಕ ಸಿಗುತ್ತವೆ. ಈ ಡೈರೆಕ್ಟರಿಯೇ ಇಲ್ಲಿ ನಮ್ಮ ಮೂರನೆಯವರು. ‘ಹಳೆ ಗೋಕಾಕ ಅಂದರೆ ಹೊಸ ಗೋಕಾಕ ಕೂಡಿಸು ಮೂಡಲಗಿ’ ಅಂತ ಬಾಯಿಲೆಕ್ಕ ಹಾಕುವ ಬದಲು ಹಳ್ಳಿ ಹಳ್ಳಿಯನ್ನೂ ಕೋಡ್ ಹಿಡಿದು ಜೋಡಿಸಿ, ಆಮೇಲೆ ಮೇಲಕ್ಕೆ ಕೂಡಿಸಿಕೊಂಡು ಬರಬೇಕು. ವಿಕಿಡೇಟಾದಲ್ಲೂ ಒಂದು ಊರು ಯಾವ ಆಡಳಿತ ಘಟಕಕ್ಕೆ ಸೇರಿದ್ದು ಅಂತ ಹೇಳುವ ಪಿ131ಕ್ಕೆ ‘ಇಂದಿನಿಂದ’, ‘ಇಂದಿನವರೆಗೆ’ ಅಂತ ದಿನಾಂಕ ಅಂಟಿಸಬಹುದು. ದಿನಾಂಕವಿಲ್ಲದ ಸ್ಥಳನಾಮ ಅರ್ಧ ಮಾಹಿತಿ.

ಹುಕ್ಕೇರಿಯ ಕರೆಂಟು

ವಿದ್ಯುತ್ ವಿಭಾಗದ ಗೆಳೆಯರಿಗಾಗಿ ಇದೊಂದು. ಎರಡು ಟೇಬಲ್ ಇವೆ ಅಂದುಕೊಳ್ಳಿ. ಒಂದರ ಕಾಲಂ ಹೆಸರು ‘ಎಸ್ಕಾಂ’, ಇನ್ನೊಂದರದ್ದು ‘ವಿತರಣಾ ಪರವಾನಗಿದಾರರು’. ಬೆಸ್ಕಾಂ, ಮೆಸ್ಕಾಂ, ಸೆಸ್ಕ್, ಹೆಸ್ಕಾಂ, ಜೆಸ್ಕಾಂ ಎಂಬ ಐದು ಹೆಸರುಗಳು ಎರಡರಲ್ಲೂ ಬರುತ್ತವೆ. ಮೌಲ್ಯಗಳನ್ನು ಹೋಲಿಸಿ ಕಾಲಂ ಜೋಡಿಸುವ ಪ್ರೋಗ್ರಾಂ ಎರಡೂ ಒಂದೇ ಅಂತ ತೀರ್ಪು ಕೊಡುತ್ತದೆ. ಬೆಳಗಾವಿ ಜಿಲ್ಲೆ ಅಂದರೆ ಹೆಸ್ಕಾಂ ಅಂತ ಒಂದು ಅಡ್ಡದಾರಿಯ ನಿಯಮವನ್ನೂ ಬರೆದುಕೊಳ್ಳುತ್ತದೆ. ಆ ನಿಯಮ ಗೋಕಾಕಕ್ಕೆ ನಡೆಯುತ್ತದೆ, ಮೂಡಲಗಿಗೆ ನಡೆಯುತ್ತದೆ, ಹುಕ್ಕೇರಿಗೆ ಬಂದು ಮುರಿಯುತ್ತದೆ. ಹುಕ್ಕೇರಿ ಭಾಗದಲ್ಲಿ ಮನೆಮನೆಗೆ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಅದು ಸರ್ಕಾರಿ ಕಂಪನಿಯಲ್ಲ, ಸಹಕಾರ ಸಂಘ. ಆದರೂ ವಿತರಣಾ ಪರವಾನಗಿದಾರರ ಸಾಲಿನಲ್ಲಿ ಕೂರುತ್ತದೆ.

ಆದ್ದರಿಂದ ‘ಎಸ್ಕಾಂ’ ವರ್ಗ ಕಿರಿದು, ‘ಪರವಾನಗಿದಾರರು’ ವಿಶಾಲ. ಸಮ ಚಿಹ್ನೆ ಹಾಕಿದರೆ ಎರಡರಲ್ಲಿ ಒಂದಾಗುತ್ತದೆ: ಸಂಘ ಕಂಪನಿಯಾಗಿಬಿಡುತ್ತದೆ, ಇಲ್ಲವೇ ಹುಕ್ಕೇರಿಯ ಗ್ರಾಹಕರು ಪಟ್ಟಿಯಿಂದಲೇ ಮಾಯ. ಆಂಟಾಲಜಿ ಭಾಷೆಯಲ್ಲಿ ಹೇಳುವುದಾದರೆ, ‘ಕಂಪನಿ’ ಮತ್ತು ‘ಸಹಕಾರ ಸಂಘ’ ಒಂದಕ್ಕೊಂದು ಸೇರದ ವರ್ಗಗಳು ಅಂತ ಹೊರಗಿನ ಕೋಶದಲ್ಲಿ ಬರೆದಿದ್ದರೆ ರೀಸನರ್ ಈ ವಿರೋಧವನ್ನು ತಾನಾಗಿಯೇ ಹಿಡಿದು ಕೆಂಪು ದೀಪ ಹಾಕುತ್ತದೆ. ಲಾಗ್‌ಮ್ಯಾಪ್‌ನಂಥ ಉಪಕರಣಗಳಲ್ಲಿ ಈ ರಿಪೇರಿ ಹಂತ ಸೇರಿಕೊಂಡೇ ಇರುತ್ತದೆ.

ಎಷ್ಟು ಸರಿ ಬಂತು?

ಜೋಡಿಸಿದ ಮೇಲೆ ಅಳೆಯಬೇಕು. ಕೈಯಿಂದ ಮಾಡಿದ ಸರಿಯುತ್ತರದ ಪಟ್ಟಿಯಲ್ಲಿ 8 ಜೋಡಿ ಇದ್ದು, ಪ್ರೋಗ್ರಾಂ 6 ಜೋಡಿ ಕೊಟ್ಟು, ಅದರಲ್ಲಿ 5 ಸರಿ ಇದ್ದರೆ ಪ್ರಿಸಿಷನ್ 5/6, ರಿಕಾಲ್ 5/8. ಹೊರಗಿನ ಕೋಶ ಸೇರಿಸಿದಾಗ ಸಾಮಾನ್ಯವಾಗಿ ರಿಕಾಲ್ ಏರುತ್ತದೆ. ಕೋಶ ತಪ್ಪಾಗಿ ಆರಿಸಿದರೆ ಪ್ರಿಸಿಷನ್ ಇಳಿಯುತ್ತದೆ. ಈ ಕ್ಷೇತ್ರಕ್ಕೆ 2004ರಿಂದ ಒಎಇಐ ಎಂಬ ಅಂತರರಾಷ್ಟ್ರೀಯ ಮೌಲ್ಯಮಾಪನ ನಡೆಯುತ್ತಿದೆ. ಅಲ್ಲಿಯ ಹೆಸರಾಂತ ಪರೀಕ್ಷೆ ಇಲಿಯ ಅಂಗರಚನೆಯನ್ನು ಮನುಷ್ಯನ ಅಂಗರಚನೆಗೆ ಜೋಡಿಸುವುದು, ಯೂಬೆರಾನ್‌ನಂಥ ಹೊರ ಆಂಟಾಲಜಿ ಬಳಸುವ ಉಪಕರಣಗಳು ಅದರಲ್ಲಿ ಮುಂದಿವೆ.

ಈಗಿನ ಭಾಷಾ ಮಾದರಿಗಳ ವೆಕ್ಟರ್ ಇದ್ದರೆ ಇದೆಲ್ಲ ಯಾಕೆ ಅನ್ನೋರೂ ಇದ್ದಾರೆ. ವೆಕ್ಟರ್ ಹೇಳೋದು ‘ಹತ್ತಿರ’ ಅಂತ, ‘ಒಂದೇ’ ಅಂತ ಅಲ್ಲ. ಜೋಳ, ಗೋವಿನಜೋಳ ಒಂದೇ ಥರದ ವಾಕ್ಯಗಳಲ್ಲಿ ಬರುವುದರಿಂದ ಅವು ಹತ್ತಿರ ಬಂದೇ ಬರುತ್ತವೆ. ಅಭ್ಯರ್ಥಿ ಜೋಡಿಗಳನ್ನು ಹುಡುಕಲು ವೆಕ್ಟರ್ ಒಳ್ಳೆಯದು, ತೀರ್ಪಿಗೆ ಕೋಶ ಬೇಕು.

ಮಾಡಿ ನೋಡಿ

ಹಾಳೆಯೊಂದರಲ್ಲಿ ಈ ಹೆಸರುಗಳನ್ನು ಬರೆದುಕೊಳ್ಳಿ: ಘಟಪ್ರಭಾ ನದಿ, ಘಟಪ್ರಭಾ ರೈಲು ನಿಲ್ದಾಣ, ಘಟಪ್ರಭಾ ನೀರಾವರಿ ಯೋಜನೆ, ಹಿಡಕಲ್ ಡ್ಯಾಂ, ರಾಜಾ ಲಖಮಗೌಡ ಜಲಾಶಯ, ಧೂಪದಾಳ ಒಡ್ಡು. ಪ್ರತಿಯೊಂದಕ್ಕೂ ವಿಕಿಡೇಟಾದಲ್ಲಿ ಲಂಗರು ಹುಡುಕಿ, ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ. ಯಾವ ಎರಡರ ನಡುವೆ ಎಕ್ಸಾಕ್ಟ್‌ಮ್ಯಾಚ್ ಹಾಕಬಹುದು? ಅಣೆಕಟ್ಟು ಮತ್ತು ಅದರ ಹಿಂದೆ ನಿಂತ ನೀರು ಒಂದೇ ವಸ್ತುವೋ ಎರಡೋ? ಒಡ್ಡು ಯೋಜನೆಯ ಒಂದು ‘ಬಗೆ’ಯೋ, ಒಂದು ‘ಭಾಗ’ವೋ? ಈ ಕೊನೆಯ ಪ್ರಶ್ನೆಗೆ ಸ್ಕಾಸ್‌ನ ನಾಲ್ಕು ಪದ ಸಾಲದೇ ಹೋಗಬಹುದು. ಆಗ ಯಾವ ಸಂಬಂಧ ಬೇಕು ಅನ್ನೋದನ್ನು ಕನ್ನಡದಲ್ಲೇ ಹೆಸರಿಟ್ಟು ಮುಂದಿನ ಸಂಚಿಕೆಗೆ ಕಳಿಸಿ.